ದೇವರ ಮುಂದಿನ ಮೋಡೆಮ್

ನಾನು ಕೊಟ್ಟ ಸೀಡಿಯನ್ನು ಪಾಯಪ್ಪ ಮಾಸ್ತರು ಮಂದಿಯ ಎದುರಿಗೆ ತಿರುಗಿ ಕೊಟ್ಟರು. ಇದು ನಡೆದದ್ದು ಎರಡು ಸಾವಿರದ ಎರಡನೆಯ ಇಸವಿಯಲ್ಲಿ. ಈಗ ಆ ಸೀಡಿಗೆ ಬೆಲೆ ಇಲ್ಲ, ಅದನ್ನು ಹಾಕಿ ನೋಡುವ ಯಂತ್ರವೂ ನನ್ನ ಅಂಗಡಿಯಲ್ಲಿ ಇಲ್ಲ. ಆದರೆ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳಬೇಕು ಅಂತ ನಾನು ಪ್ರಯತ್ನವನ್ನೂ ಮಾಡಿಲ್ಲ.

ತಿರುಗಿ ಕೊಡುವುದಕ್ಕೂ ಒಂದು ರೀತಿ ಇರುತ್ತದೆ. ಯಾರೂ ಇಲ್ಲದಾಗ ಕೊಡಬಹುದು. ಇಲ್ಲವೇ ತಗೊಂಡು ಕಪಾಟಿನಲ್ಲಿಟ್ಟು ಸುಮ್ಮನಿರಬಹುದು. ಮಾಸ್ತರು ಹಾಗೆ ಮಾಡಲಿಲ್ಲ. ಪಂಕ್ತಿಯಲ್ಲಿ ಬಾಜೂದವರ ಎಲೆಗೆ ಬೀಳಬೇಕಾದ ಹೋಳಿಗೆ ತಮ್ಮ ಎಲೆಗೆ ಬಿದ್ದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಮಾಲಿಂಗಪ್ಪ, ಇದು ನನಗ ನಡೆಯಂಗಿಲ್ಲ" ಅಂದರು. ಎದುರಿಗೆ ಅವರ ಖೋಲಿಯ ಮಾಲೀಕ ಕರೆಪ್ಪ ಕೂತಿದ್ದ. ಬೇರೆ ಯಾರಿದ್ದರೂ ನಡೆಯುತ್ತಿತ್ತು.

ನನ್ನದು ಘಟಪ್ರಭಾದ ಸ್ಟೇಶನ್ ರಸ್ತೆಯಲ್ಲಿ ಬ್ಯಾಟರಿ ಮತ್ತು ಮೋಟರ್ ವೈಂಡಿಂಗ್ ಅಂಗಡಿ. ಏಳನೆಯ ಇಯತ್ತೆಯ ತನಕ ಸಾಲಿಗೆ ಹೋದವನು. ನನ್ನ ವಿಷಯ ಇಷ್ಟು ಸಾಕು, ಹೇಳಬೇಕಾದದ್ದು ಮಾಸ್ತರ ವಿಷಯ.

ಅವರ ಪೂರ್ತಿ ಹೆಸರು ಪಾಯಪ್ಪ ಮಗದುಮ. ಜೈನರು. ಮೂಡಲಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕರೆಪ್ಪನ ಒಂದು ಖೋಲಿ ಬಾಡಿಗೆಗೆ ಹಿಡಿದು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಗೋಕಾಕದ ಕಚೇರಿಗಳಲ್ಲಿ ಟೈಪು ಮಾಡಿ ಪಗಾರ ಎಣಿಸಿದವರಲ್ಲಿ ಬಹಳ ಮಂದಿ ಅವರ ಹತ್ತಿರ ಕಲಿತವರು. ಕಲಿಸುವ ರೀತಿ ಒಂದೇ. ಯಾರಾದರೂ ಅಕ್ಷರ ನೋಡಿ ನೋಡಿ ಬಡಿಯಲು ಶುರು ಮಾಡಿದರೆ ಮಾಸ್ತರು ಕಿಸೆಯಿಂದ ಬಿಳಿ ಕರವಸ್ತ್ರ ತೆಗೆದು ಅವರ ಎರಡೂ ಕೈಗಳ ಮೇಲೆ ಹಾಸಿ, ಹೋಗಿ ತಮ್ಮ ಖುರ್ಚಿಯಲ್ಲಿ ಕೂಡುತ್ತಿದ್ದರು. ಬೈಗುಳ ಇಲ್ಲ, ಏಟು ಇಲ್ಲ. ಅದಕ್ಕಿಂತ ಎರಡು ಹೊಡೆದಿದ್ದರೆ ಚಲೋ ಇತ್ತು ಅಂತ ಕಲಿತವರು ಈಗಲೂ ಹೇಳುತ್ತಾರೆ.

ಮಾಸ್ತರು ಲಗ್ನ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಅಕ್ಕ ಜಿನ್ನವ್ವ, ಇಬ್ಬರೇ. ಹೊತ್ತು ಮುಳುಗುವ ಮುಂಚೆ ಊಟ. ಸೋಸದ ನೀರು ಕುಡಿಯುವುದಿಲ್ಲ. ಎಲ್ಲಿಗೆ ಹೋದರೂ ಬಾಯಿಗೆ ಅರಿವೆ ಕಟ್ಟಿದ ತಂಬಿಗೆಯೊಂದು ಚೀಲದಲ್ಲಿ ಇರಲೇಬೇಕು. ಒಂದು ವರ್ಷ ಮುನಿಗಳೊಬ್ಬರು ಹತ್ತಿರದ ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಾಗ ಮಾಸ್ತರು ಹೋಗಿ ಅಣುವ್ರತ ತಗೊಂಡು ಬಂದರು. ಜೀವ ಕೊಲ್ಲುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕೊಡದ ವಸ್ತು ತಗೊಳ್ಳುವುದಿಲ್ಲ, ಹೀಗೆ ಐದು ವ್ರತ. ಸುಳ್ಳಿನದು ಬಿಗಿಯಾದೀತು ಅಂತ ಜಿನ್ನವ್ವಕ್ಕ ಹೇಳಿದ್ದರಂತೆ. ಮೂರನೆಯದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಟೈಪಿಂಗ್ ಮಾಸ್ತರಿಗೆ ಕದಿಯುವಂಥದ್ದು ಏನು ಸಿಕ್ಕೀತು.

ಕಂಪ್ಯೂಟರ್ ಬಂತು, ಟೈಪಿಂಗ್ ಕಲಿಯುವವರು ಕಡಿಮೆಯಾದರು. ಮಾಸ್ತರು ಕೆಲವು ಟೈಪ್ ಮಶೀನು ಮಾರಿ ಗೋಕಾಕದಿಂದ ಒಂದು ಕಂಪ್ಯೂಟರ್ ತಂದರು. ಅದಕ್ಕೆ ಯುಪಿಎಸ್ಸು ಕೂಡಿಸಲು ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಕಂಪ್ಯೂಟರಿನ ತೆರೆ ಬರೇ ಕಪ್ಪು. ಅಂಗಡಿಯವರು ವಿಂಡೋಸ್ ತುಂಬಿಯೇ ಕೊಟ್ಟಿದ್ದರು. ಮಾಸ್ತರು ಅದನ್ನು ಕೊಂಡ ಪಾವತಿ ಚೀಟಿ ಕೇಳಿದ್ದರು. ಪಾವತಿ ಇರಲಿಲ್ಲ. ಹಾಗಾದರೆ ಅದನ್ನು ತೆಗೆಯಿರಿ ಅಂದಿದ್ದರು. ಅಸಲು ವಿಂಡೋಸ್ ಕೊಳ್ಳಬೇಕು ಅಂದರೆ ಹಾಲು ಕೊಡುವ ಎಮ್ಮೆ ಕೊಂಡಷ್ಟು ಖರ್ಚು. ಅಷ್ಟು ಅವರ ಹತ್ತಿರ ಇರಲಿಲ್ಲ. ಹೀಗೆ ಕಂಪ್ಯೂಟರ್ ಖಾಲಿ ಕೂತಿತ್ತು.

ಪಾಪ ಅನಿಸಿ ನಾನು ಚೀಲದಿಂದ ವಿಂಡೋಸಿನ ಸೀಡಿ ತೆಗೆದೆ.

"ಮಾಸ್ತರ, ಇದನ್ನ ಹಾಕ್ರಿ. ಗೋಕಾಕದಾಗ ಎಲ್ಲಾರೂ ಇದ ಹಾಕ್ಯಾರ."

"ಇದು ಯಾರದು?"

"ನಂದ."

"ನೀ ಮಾಡಿದ್ದೇನ?"

"ನಾ ಯಾಕ ಮಾಡ್ಲಿ? ಒಬ್ಬರ ಕಡೆ ಕಾಪಿ ಹೊಡಸೇನಿ."

"ಅವರಿಗೆ ಯಾರ ಕೊಟ್ರು?"

"ಅವರು ಮತ್ತೊಬ್ಬರ ಕಡೆ ಹೊಡಿಸಿದ್ರು."

"ಎಲ್ಲಾರಕಿಂತ ಮೊದಲು ಇದು ಯಾರದೋ, ಅವರು ಕೊಟ್ಟಾರೇನ?"

"ಈಗ ನಾ ಕೊಡಾಕತ್ತೇನಲ್ರಿ."

"ನಿಂದಲ್ಲದ್ದ ನೀ ಕೊಟ್ರ ಅದು ಕೊಟ್ಟಂಗ ಆಗಂಗಿಲ್ಲ, ಮಾಲಿಂಗಪ್ಪ" ಅಂದರು. ಅಂದು, ಮೇಲೆ ಹೇಳಿದ ರೀತಿಯಲ್ಲಿ ಎರಡೂ ಕೈಯಿಂದ ತಿರುಗಿ ಕೊಟ್ಟರು.

ಕರೆಪ್ಪ ಹೊಟ್ಟೆ ಕುಣಿಸಿ ನಕ್ಕ. "ಬ್ಯಾಟರಿ ಅಂಗಡ್ಯಾಂವ ಕಳ್ಳ ಅಂತ ನಾ ಹೇಳಿದ್ರ ಯಾರೂ ನಂಬತಿದ್ದಿಲ್ಲ. ಈಗ ಮಾಸ್ತರ ಬಾಯಿಲೆ ಬಂತು."

"ನಾ ಹಂಗ ಅಂದಿಲ್ಲ" ಅಂದರು ಮಾಸ್ತರು. ಖರೆ, ಅವರು ಹಾಗೆ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಕರೆಪ್ಪ ಅವತ್ತು ಬಂದದ್ದು ಖೋಲಿ ಬಿಡಿಸಲು. ಆಮ್ಲೆಟ್ ಮಾಡುವವನೊಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ಜಾಗ ಹುಡುಕುತ್ತಿದ್ದ, ಹೆಚ್ಚಿನ ಬಾಡಿಗೆಗೆ ಒಪ್ಪಿದ್ದ. ಮಾಸ್ತರು, ಕಂಪ್ಯೂಟರಿಗೆ ಫೋನಿನ ತಂತಿ ಹಚ್ಚಿ ಇಂಟರ್ನೆಟ್ ತರಿಸುತ್ತೇನೆ, ಮಂದಿ ಮತ್ತೆ ಬರುತ್ತಾರೆ ಅಂದರು. ಆಗ ಹತ್ತನೆಯ ಇಯತ್ತೆಯ ರಿಜಲ್ಟ್ ಇಂಟರ್ನೆಟ್ಟಿನಲ್ಲಿ ಬರಲು ಶುರುವಾಗಿತ್ತು, ಅದನ್ನು ನೋಡಲು ಹುಡುಗರು ಗೋಕಾಕಕ್ಕೆ ಓಡುತ್ತಿದ್ದರು.

"ಹಂಗಾರ ರಿಜಲ್ಟ್ ದಿನಾ ನೋಡೂಣು" ಅಂದ ಕರೆಪ್ಪ. "ಖೋಲಿ ಮುಂದ ಮಂದಿ ನಿಂತಿದ್ರ ಖೋಲಿ ನಿಮ್ದ, ಮಾಸ್ತರ. ಇಲ್ಲಂದ್ರ ಮರುದಿನಾ ಅಂವ ಬಂದು ತತ್ತಿ ಇಳಸತಾನ."

ಮಾಸ್ತರು ಗೋಡೆಗೆ ಸಾಲಾಗಿ ನಿಂತ ಟೈಪ್ ಮಶೀನುಗಳ ಕಡೆಗೆ ನೋಡಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಖೋಲಿ. ಬೇರೆ ಕಡೆ ಅಷ್ಟು ಬಾಡಿಗೆಗೆ ಯಾರೂ ಕೊಡುವುದಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಖೋಲಿ ಹೋದರೆ ಕ್ಲಾಸ್ ಹೋಯಿತು. ಕ್ಲಾಸ್ ಹೋದರೆ ಮಾಸ್ತರು ಬರೇ ಪಾಯಪ್ಪ.

ನಾನು ಸುಮ್ಮನೆ ಬ್ಯಾಟರಿಯ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಹೋಗಬೇಕಿತ್ತು. ಆದರೆ ಕರೆಪ್ಪ ಇನ್ನೂ ನಗುತ್ತಿದ್ದ.

"ಕರೆಪ್ಪ, ರಿಜಲ್ಟ್ ದಿನಾ ಈ ಬಾಗಲದಾಗ ಮಂದಿ ಹಿಂದ ನಿಂತು ನೀನೂ ಪಾಳಿ ಹಚ್ಚತಿ. ನಾ ಹಚ್ಚಸ್ತೀನಿ" ಅಂದೆ.

ಹೀಗೆ, ಸಿಟ್ಟಿಗೆ ಕಾರಣವಾದ ಮನುಷ್ಯನ ಕೆಲಸಕ್ಕೇ ನಾನು ಸಿಕ್ಕಿಬಿದ್ದೆ.

ಗೋಕಾಕದಲ್ಲಿ ಮಯೂರಿ ಅಂತ ಕಂಪ್ಯೂಟರ್ ಕಲಿಸುವ ಟೀಚರ್ ಒಬ್ಬರಿದ್ದರು. ಒಂದು ಕಾಲಕ್ಕೆ ಅವರೂ ಕರವಸ್ತ್ರದ ಕೆಳಗೆ ಕೈಯಿಟ್ಟು ಕಲಿತವರೇ. ಮಾಸ್ತರ ಅಡಚಣಿ ಕೇಳಿ ನಗಲಿಲ್ಲ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿ ಕೊಟ್ಟು, ಇದರ ಹೆಸರು ಲಿನಕ್ಸ್, ವಿಂಡೋಸಿನ ಜಾಗದಲ್ಲಿ ಇದನ್ನು ಹಾಕಬಹುದು, ಮಾಡಿದವರೇ ಯಾರು ಬೇಕಾದರೂ ತಗೊಳ್ಳಿರಿ, ಹಂಚಿರಿ ಅಂತ ಬರೆದಿದ್ದಾರೆ ಅಂದರು. ಮಾಸ್ತರು ಹಾಗೆ ಬರೆದ ಜಾಗ ತೋರಿಸು ಅಂದರು. ತೋರಿಸಿದರು. ಮಾಸ್ತರು ಕನ್ನಡಕ ಹಾಕಿ ಪೂರ್ತಿ ಓದಿದರು. ನಾವಿಬ್ಬರೂ ಕಾಯುತ್ತ ನಿಂತೆವು. ಮನುಷ್ಯನೊಬ್ಬ ಅದನ್ನು ಪೂರ್ತಿ ಓದಿದ್ದು ತಾನು ನೋಡಿದ್ದು ಅದೇ ಮೊದಲು ಅಂತ ಮಯೂರಿ ಟೀಚರ್ ಆಮೇಲೆ ನನಗೆ ಹೇಳಿದರು.

ಲಿನಕ್ಸ್ ಹಾಕಿದ್ದಾಯಿತು. ಕಂಪ್ಯೂಟರ್ ಎದ್ದಿತು. ಇಂಟರ್ನೆಟ್ ಮಾತ್ರ ಬರಲಿಲ್ಲ. ಫೋನಿನ ತಂತಿಯಿಂದ ಇಂಟರ್ನೆಟ್ ಬರಬೇಕಾದರೆ ನಡುವೆ ಮೋಡೆಮ್ ಅನ್ನುವ ವಸ್ತು ಬೇಕು. ಅದು ಕಂಪ್ಯೂಟರಿನ ಹೊಟ್ಟೆಯಲ್ಲಿ ಕಾರ್ಡಿನ ರೂಪದಲ್ಲಿ ಇತ್ತು. ಲಿನಕ್ಸ್ ಅದನ್ನು ಗುರುತೇ ಹಿಡಿಯಲಿಲ್ಲ. ಟೀಚರ್ ಬಂದು ಬಿಚ್ಚಿ ನೋಡಿದರು.

"ಸರ್, ಈ ಕಾರ್ಡಿನ್ಯಾಗ ಅರ್ಧಾ ಮೋಡೆಮ್ ಅಷ್ಟ ಐತ್ರಿ."

"ಉಳದರ್ಧಾ ಎಲ್ಲಿ?" ಅಂದೆ ನಾನು. ಅಂಗಡಿಯವನು ಹೊಡೆದುಕೊಂಡ ಅಂತಲೇ ತಿಳಿದಿದ್ದೆ.

"ಉಳದರ್ಧಾ ಕೆಲಸ ವಿಂಡೋಸ್ ಮಾಡತೈತ್ರಿ. ಅಗ್ಗ ಆಗ್ಲಿ ಅಂತ ಹಿಂಗ ಮಾಡ್ಯಾರ. ವಿಂಡೋಸ್ ಇಲ್ಲಂದ್ರ ಇದು ವಾಯರ್ ಚುಚ್ಚೋ ತೂತು, ಅಷ್ಟ. ನಿಮಗ ತನ್ನ ಕೆಲಸ ತಾನ ಮಾಡೋ ಪೂರಾ ಮೋಡೆಮ್ ಬೇಕು."

ಪೂರಾ ಮೋಡೆಮ್ ಅಂದರೆ ಹೊರಗೆ ಇಡುವಂಥದ್ದು ನೋಡಿರಿ ಅಂದರು. ನಾನು ಬೆಳಗಾವಿಗೆ ಹೋಗಿ ಹೊರಗೆ ಇಡುವಂಥದ್ದು ತಂದೆ. ಸಾಬೂನಿನ ಡಬ್ಬಿಯಂಥ ಚಂದದ ವಸ್ತು. ಕಂಪ್ಯೂಟರಿಗೆ ಸಿಕ್ಕಿಸಿದರೆ ಹಸಿರು ದೀಪ ಹತ್ತಿತು. ಮುಂದೆ ಏನೂ ಆಗಲಿಲ್ಲ. ಟೀಚರ್ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಡಬ್ಬಿ ಹೊರಗ ಬಂದೈತ್ರಿ, ಬುದ್ಧಿ ಇನ್ನೂ ವಿಂಡೋಸ್‌ನ್ಯಾಗ ಐತಿ. ನೋಡ್ರಿ, ಇದು ಕರೆಂಟೂ ಕಂಪ್ಯೂಟರಿಂದನ ತಗೊಳ್ತೈತಿ. ಹಳೇ ಥರದ್ದ ಬೇಕ್ರಿ. ಅದಕ್ಕ ತಂದ ಬ್ಯಾರೆ ಅಡಾಪ್ಟರ್ ಇರತೈತಿ, ಅಗಲ ಪಿನ್ನು ಇರತೈತಿ, ಮುಂದ ಕೆಂಪು ದೀಪದ ಸಾಲು ಇರತೈತಿ. ವಿಂಡೋಸ್ ಬರೋಕಿಂತ ಮೊದಲಿನ ಮೋಡೆಮ್ ಆಗಿದ್ರ ಭಾಳ ಚಲೋ."

ಮರುದಿನ ಬೆಳಗಾವಿಯ ಆ ಅಂಗಡಿಯಲ್ಲಿ ನನ್ನ ದನಿ ಸ್ವಲ್ಪ ಏರಿತು. ಬಾಜೂದ ಅರಿವೆ ಅಂಗಡಿಯವರು ಬಂದು ನೋಡುವಷ್ಟು ಏರಿತು ಅಂತ ಇಟ್ಟುಕೊಳ್ಳಿರಿ.

"ಹೊರಗಿಂದ ಅಂದಿ, ಇದು ಹೊರಗಿಂದೇನ?"

"ಹೊರಗ ಐತಲ್ರಿ ಕಾಕಾ" ಅಂದ ಅಂಗಡಿಯವನು.

"ಪೂರಾ ಐತೇನ?"

"ಪೂರಾ ಅಂದ್ರ?"

"ವಿಂಡೋಸ್ ಇಲ್ಲದ ನಡೀತೈತೇನ?"

"ವಿಂಡೋಸ್ ಇಲ್ಲದ ಯಾರ ನಡಸ್ತಾರ್ರಿ? ನಿಮಗ ಇಲ್ಲಂದ್ರ ನಾ ಸೀಡಿ ಪುಕ್ಕಟ ಕೊಡತೀನಿ ತಗೋರಿ." ಅಂದು, ನಾನು ಮಾಸ್ತರಿಗೆ ಕೊಟ್ಟಂಥದ್ದೇ ಸೀಡಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದ.

"ನಿಂದಲ್ಲದ್ದ ನೀ ಹೆಂಗ ಕೊಡತಿ?" ಅಂದೆ.

ಅಂದ ಮೇಲೆ ನನ್ನ ಬಾಯಿಂದ ಏನು ಬಂತು ಅಂತ ನನಗೇ ಕೇಳಿಸಿತು. ಸಿಟ್ಟು ಇನ್ನಷ್ಟು ಏರಿತು. ಅಂಗಡಿಯವನು ಹೆದರಿ ಡಬ್ಬಿ ತಿರುಗಿ ತಗೊಂಡ. ಆ ಮಾತು ಸಿಟ್ಟಿನಲ್ಲಿ ಬಂದದ್ದು, ಅದನ್ನು ನಾನು ಒಪ್ಪಿದ ಹಾಗೆ ಅಂತ ಯಾರೂ ತಿಳಿಯಬಾರದು.

ಆಮೇಲೆ ಸಿಕ್ಕಲ್ಲಿ ಕೇಳಿದೆ. ಗೋಕಾಕ, ಹುಕ್ಕೇರಿ, ಸಂಕೇಶ್ವರ, ಎಲ್ಲಿ ಬ್ಯಾಟರಿ ಕೆಲಸಕ್ಕೆ ಹೋದರೂ ಕೆಂಪು ದೀಪದ ಸಾಲು ಇರುವ ಹಳೆಯ ಡಬ್ಬಿ ಇದೆಯೇ ಅಂತ ಕೇಳುತ್ತಿದ್ದೆ. ಮಂದಿ ತಮ್ಮ ಹಳೆಯ ರೇಡಿಯೋ, ಸ್ಟೆಬಿಲೈಜರ್, ಒಬ್ಬರು ಕೋಳಿ ಮರಿ ಬೆಚ್ಚಗಿಡುವ ಪೆಟ್ಟಿಗೆ ಸಹ ತೋರಿಸಿದರು. ಬಿಸಿಲು ಏರುತ್ತ ಹೋಯಿತು. ಹತ್ತನೆಯ ಪರೀಕ್ಷೆ ಮುಗಿಯಿತು. ಆಮ್ಲೆಟ್ಟಿನವನು ಒಮ್ಮೆ ಬಂದು ಖೋಲಿಯ ಅಗಲ ಅಳೆದು ಹೋದ ಅಂತ ಜಿನ್ನವ್ವಕ್ಕ ಹೇಳಿದರು. ಮಾಸ್ತರು ಅವನಿಗೆ ಅಳೆಯಲು ಟೇಪಿನ ಒಂದು ತುದಿ ಹಿಡಿದುಕೊಂಡಿದ್ದರಂತೆ.

"ನೀವ್ಯಾಕ ಹಿಡದ್ರಿ?" ಅಂತ ಕೇಳಿದೆ.

"ಅಂವಾ ಒಬ್ಬನ ಇದ್ದ" ಅಂದರು.

ಕಣಗಲಾದ ಹೆದ್ದಾರಿ ಬದಿಯಲ್ಲಿ ಯಲ್ಲವ್ವ ಅನ್ನುವವರ ಲಾರಿ ಆಫೀಸು ಇತ್ತು. ಗಂಡ ತೀರಿಕೊಂಡ ಮೇಲೆ ಅವರೇ ಅದನ್ನು ನಡೆಸುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮುಂದಿನ ಪಡಸಾಲೆ ಹೋಗಿ, ಉಳಿದ ಒಂದೂವರೆ ಖೋಲಿಯಲ್ಲಿ ಆಫೀಸೂ ದೇವರ ಜಗಲಿಯೂ ಕೂಡಿ ಇದ್ದವು. ಲಾರಿಗೆ ಬ್ಯಾಟರಿ ಕೂಡಿಸಲು ಹೋದವನು ನೀರು ಕುಡಿಯಲು ಒಳಗೆ ಹೋದೆ. ಜಗಲಿಯ ಮೇಲೆ ದೇವಿಯ ಫೋಟೋ. ಫೋಟೋದ ಮುಂದೆ ಚಪ್ಪಟೆ ಡಬ್ಬಿ. ಡಬ್ಬಿಯ ಮೂತಿಯಲ್ಲಿ ಕೆಂಪು ದೀಪದ ಸಾಲು. ದೀಪದ ಕೆಳಗೆ ಇಂಗ್ಲಿಷ್ ಅಕ್ಷರ. ಬೆನ್ನಿಗೆ ಅದರದೇ ಅಡಾಪ್ಟರ್.

"ಅಕ್ಕಾರ, ಇದೇನ್ರಿ ಇದು?"

"ದೀಪ."

"ಇದು ದೀಪ ಅಲ್ರಿ, ಮೋಡೆಮ್."

"ಏನರ ಇರಲಿ. ಹತ್ತತೈತಿ. ನಮ್ಮ ಯಜಮಾನ್ರು ಇದರ ಮ್ಯಾಲ ಮುಂಬೈಕ ಮಾಲಿನ ವರದಿ ಕಳಸತಿದ್ರು. ಆ ಕಂಪ್ಯೂಟರ ಕೆಟ್ಟು ಗುಜರಿಗೆ ಹೋತು. ಇದು ಕೆಡಲಿಲ್ಲ. ಎಷ್ಟ ವರ್ಷ ಆತು, ಎಣ್ಣಿ ಬ್ಯಾಡ ಬತ್ತಿ ಬ್ಯಾಡ."

"ಮಾರತೀರೇನ್ರಿ?"

"ದೇವರ ಮುಂದಿಂದ ಮಾರಾಕ ನನಗೇನ ತಲಿ ಕೆಟ್ಟೈತೇನೋ ತಮ್ಮಾ?"

ಮುಂದಿನ ವಾರ ಮಾಸ್ತರನ್ನು ಕರೆದುಕೊಂಡು ಹೋದೆ. ಜಿನ್ನವ್ವಕ್ಕನೂ ಬಂದರು. ನಾವಿಬ್ಬರೇ ಹೋದರೆ ಜಗಳಾಡದೆ ತಿರುಗಿ ಬರುತ್ತೇವೆ ಅನ್ನುವ ನಂಬಿಕೆ ಅವರಿಗೆ ಇರಲಿಲ್ಲ. ಹುಕ್ಕೇರಿಯಲ್ಲಿ ಬಸ್ ಬದಲಿಸುವಾಗ ಮಾಸ್ತರು ತಂಬಿಗೆಯ ನೀರು ಕುಡಿದರು, ನಾನು ಎರಡು ಸಲ ಚಹಾ ಕುಡಿದೆ, ಜಿನ್ನವ್ವಕ್ಕ ನಮ್ಮಿಬ್ಬರ ನಡುವೆ ಕೂತರು.

ಯಲ್ಲವ್ವಕ್ಕ ನಮ್ಮ ಮಾತು ಪೂರ್ತಿ ಕೇಳಿಸಿಕೊಂಡರು. ಖೋಲಿಯ ಮಾತು, ಆಮ್ಲೆಟ್ಟಿನ ಮಾತು, ಎಲ್ಲ. ಕಡೆಗೆ ಹೇಳಿದರು.

"ರೊಕ್ಕಕ್ಕಂತೂ ಕೊಡಂಗಿಲ್ಲ. ದೇವಿ ಮುಂದ ಕತ್ತಲಾನೂ ಮಾಡಂಗಿಲ್ಲ. ಇಂಥಾದ ಕೆಂಪಂದು ದೀಪ ಇನ್ನೊಂದ ತಂದು ಹಚ್ಚರಿ, ಇದನ್ನ ಒಯ್ರಿ."

ನಾನು ಆಗಲೇ ಡಬ್ಬಿಗೆ ಕೈ ಚಾಚಿದ್ದೆ. ಮಾಸ್ತರು ಮುಂದೆ ಬಂದು ನಿಂತರು.

"ಯವ್ವಾ, ಇದನ್ನ ದೇವಿಗೆ ಅರ್ಪಣಾ ಮಾಡೀರೇನ್ರಿ, ಬರೇ ಮುಂದ ಇಟ್ಟೀರೇನ್ರಿ?"

"ಎರಡಕ್ಕೂ ಏನ ಫರಕ?"

"ಅರ್ಪಣಾ ಮಾಡಿದ್ದಾದ್ರ ನಿರ್ಮಾಲ್ಯ ಆಗತೈತ್ರಿ. ದೇವರಿಗೆ ಒಪ್ಪಿಸಿದ್ದನ್ನ ನಾವು ಮನಿಗೆ ಒಯ್ಯಂಗಿಲ್ಲ."

"ಮಾಸ್ತರ" ಅಂದೆ ನಾನು, "ವಿಂಡೋಸ್ ಒಲ್ಲೆ ಅಂದ್ರಿ. ಅರ್ಧಾ ಮೋಡೆಮ್ ನಡೀಲಿಲ್ಲ. ಈಗ ಪೂರಾದ್ದ ಸಿಕ್ಕೈತಿ, ಇದು ಪ್ರಸಾದ ಅಂತೀರಿ. ನಿಮಗ ಇಂಟರ್ನೆಟ್ ಬೇಕೋ, ಮೋಕ್ಷ ಬೇಕೋ?"

"ಈಗ ಇಂಟರ್ನೆಟ್ಟ ಬೇಕು" ಅಂದರು ಮಾಸ್ತರು. "ಆದ್ರ ಕೇಳಿ ತಗೊಳ್ಳೂಣು."

ಡಬ್ಬಿಯ ನೆತ್ತಿಯ ಮೇಲೆ ಒಣಗಿದ ಕುಂಕುಮದ ಬೊಟ್ಟು ಇತ್ತು. ಮಾಸ್ತರು ಅದನ್ನೇ ನೋಡುತ್ತಿದ್ದರು. ಅವರ ಮುಖ ನೋಡಿದರೆ ತಿರುಗಿ ಮೂಡಲಗಿಗೆ ಹೋಗಿ ಟೈಪ್ ಮಶೀನು ಹೊರಗಿಡುವವರ ಮುಖ. ಒಂದು ಮಾತು ಸುಳ್ಳು ಹೇಳಿಬಿಡಿ ಅಂತ ನಾನು ಯಲ್ಲವ್ವಕ್ಕನಿಗೆ ಕಣ್ಣು ಮಾಡಿದೆ. ಅವರು ನನ್ನ ಕಡೆಗೆ ನೋಡಲಿಲ್ಲ.

"ಈ ಕುಂಕುಮ ಖಂಡೇನವಮಿ ಆಯುಧ ಪೂಜಿಗೆ ಹಚ್ಚಿದ್ದು" ಅಂದರು ಯಲ್ಲವ್ವಕ್ಕ. "ಜಗಲಿ ಮ್ಯಾಲ ಇತ್ತಂತ ಬಿಡಲಿಲ್ಲ. ಲಾರಿಗೂ ಹಚ್ಚತೇವಿ, ಸ್ಟೆಪ್ನಿಗೂ ಹಚ್ಚತೇವಿ."

ಆವರೆಗೆ ಕೂತಿದ್ದ ಜಿನ್ನವ್ವಕ್ಕ ಎದ್ದರು.

"ಪಾಯಪ್ಪಾ, ನಿನ್ನ ಟೈಪ್ ಮಶೀನಿಗೂ ವರ್ಷಾ ನಾನ ಹಚ್ಚತೇನಿ. ಅವು ನಿರ್ಮಾಲ್ಯ ಅಂತ ಎಂದರ ಹೊರಗ ಚೆಲ್ಲಿಯೇನ? ದುಡಿಯೋ ವಸ್ತುಕ್ಕ ಕುಂಕುಮ ಹಚ್ಚಿದ್ರ ಅದು ದೇವರದ ಆಗಂಗಿಲ್ಲ. ನಡಿ, ಬಸ್ ತಪ್ಪತೈತಿ, ಹೊತ್ತ ಮುಳಗಿದ್ರ ಊಟಾನೂ ತಪ್ಪತೈತಿ."

"ಖರೆ ಐತಿ" ಅಂದರು ಮಾಸ್ತರು.

ದೀಪ ನಾನು ಮಾಡಿದೆ. ನಮ್ಮ ಅಂಗಡಿಯಲ್ಲಿ ಇದ್ದ ಹಲಗೆಯ ಪೆಟ್ಟಿಗೆಗೆ ಸಣ್ಣ ಕೆಂಪು ಬಲ್ಬುಗಳನ್ನು ಎರಡು ಸಾಲಿನಲ್ಲಿ ಕೂಡಿಸಿ, ಲಾರಿಯ ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರನ್ನು ಹಿಂದೆ ಜೋಡಿಸಿದೆ. ಮೇಲಿನ ಸಾಲು ಹತ್ತಿದಾಗ ಕೆಳಗಿನದು ಆರಬೇಕು, ಕೆಳಗಿನದು ಹತ್ತಿದಾಗ ಮೇಲಿನದು. ಮತ್ತೊಂದು ದಿನ ಮಾಸ್ತರೂ ನಾನೂ ಅದನ್ನು ಕಣಗಲಾಕ್ಕೆ ಒಯ್ದೆವು. ಯಲ್ಲವ್ವಕ್ಕ ಅದನ್ನು ದೇವಿಯ ಮುಂದೆ ಇಟ್ಟು ದೂರ ನಿಂತು ನೋಡಿ, ಮೊದಲಿನದು ಇಷ್ಟು ಚಲೋ ಕುಣಿಯುತ್ತಿರಲಿಲ್ಲ ಅಂದರು. ಮೋಡೆಮನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ತಮ್ಮ ಕೈಯಾರೆ ಮಾಸ್ತರ ಕೈಗೆ ಕೊಟ್ಟರು. ಮಾಸ್ತರಿಗೆ ಅಷ್ಟು ಸಾಕಾಗಿತ್ತು.

ಮೂಡಲಗಿಯಲ್ಲಿ ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದೆವು. ಮಯೂರಿ ಟೀಚರ್ ಒಂದು ಖಾಲಿ ತೆರೆ ತೆಗೆದು, "ಸರ್, ಎ ಮತ್ತ ಟಿ ಹೊಡದು ಎಂಟರ್ ಒತ್ತರಿ. ಪೂರಾ ಮೋಡೆಮ್ ಆಗಿದ್ರ ತಾನ ಉತ್ತರ ಕೊಡತೈತಿ" ಅಂದರು. ಮಾಸ್ತರು ಕೀಲಿಮಣೆಯ ಕಡೆಗೆ ನೋಡದೆ ಎರಡು ಅಕ್ಷರ ಹೊಡೆದರು. ಕೆಳಗಿನ ಸಾಲಿನಲ್ಲಿ ಮತ್ತೆರಡು ಅಕ್ಷರ ಬಂದವು.

"ಏನಂತು?" ಅಂದರು ಜಿನ್ನವ್ವಕ್ಕ.

"ಓಕೆ ಅಂತು" ಅಂದರು ಮಾಸ್ತರು. ಮತ್ತೆ ಹೊಡೆದರು, ಅದು ಮತ್ತೆ ಓಕೆ ಅಂದಿತು. "ಇಷ್ಟ ವರ್ಷ ಬಡದೇನಿ. ಒಂದ ಮಶೀನೂ ತಿರುಗಿ ಮಾತಾಡಿದ್ದಿಲ್ಲ."

ಇಂಟರ್ನೆಟ್ಟಿನ ಫೋನ್ ನಂಬರ್ ಹಚ್ಚಿದಾಗ ಅದು ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನ ಹಾಗೆ ಕೂಗಿ, ಸುಮ್ಮನಾಯಿತು. ಇಂಟರ್ನೆಟ್ ಬಂತು.

ರಿಜಲ್ಟ್ ದಿನ ಕರೆಂಟು ಬೆಳಿಗ್ಗೆಯೇ ಹೋಯಿತು. ಇರುತ್ತದೆ ಅಂತ ನಾನೂ ನಂಬಿರಲಿಲ್ಲ, ಹಿಂದಿನ ದಿನವೇ ಲಾರಿಯ ಎರಡು ದೊಡ್ಡ ಬ್ಯಾಟರಿ ತಂದು ಇಟ್ಟಿದ್ದೆ. ತುಕ್ಕಾನಟ್ಟಿಯ ಕಡೆಯಿಂದ ಬಂದ ಬಸ್ಸಿನಿಂದ ಇಳಿದ ಹುಡುಗರು ಮೊದಲು ಬಂದರು. ಆಮೇಲೆ ಊರಿನವರು. ಮಾಸ್ತರು ನಂಬರ್ ಕೇಳುವುದು, ನೋಡದೆ ಹೊಡೆಯುವುದು, ಹೇಳುವುದು. ಪಾಸಾದವರಿಗೂ ಫೇಲಾದವರಿಗೂ ಒಂದೇ ದನಿ. ಮಧ್ಯಾಹ್ನದ ಹೊತ್ತಿಗೆ ಪಾಳಿ ಓಣಿ ದಾಟಿ ಬಸ್ ಸ್ಟ್ಯಾಂಡಿನ ಕಂಪೌಂಡ್ ಮುಟ್ಟಿತು. ಆಮ್ಲೆಟ್ಟಿನವನು ಸಹ ಬಂದು ನೋಡಿ ಹೋದ.

ಕರೆಪ್ಪನ ಮಗನೂ ಆ ವರ್ಷ ಹತ್ತನೆಯದು ಬರೆದಿದ್ದ. ಕರೆಪ್ಪ ಹಿಂದಿನ ಬಾಗಿಲಿನಿಂದ ಬಂದು ಮಾಸ್ತರ ಹೆಗಲ ಮೇಲೆ ಬಗ್ಗಿ ನಂಬರ್ ಹೇಳಿದ.

"ಕರೆಪ್ಪ, ಪಾಳಿ ಐತಿ" ಅಂದರು ಮಾಸ್ತರು, ತಿರುಗಿ ನೋಡದೆ.

"ಖೋಲಿ ನಂದ ಐತಿ, ಮಾಸ್ತರ."

"ಖೋಲಿ ನಿಂದ. ಪಾಳಿ ಇವರದು."

ಕರೆಪ್ಪ ಸುತ್ತಿ ಬಂದು ಬಿಸಿಲಲ್ಲಿ ನಿಂತ. ನಾನು ಬ್ಯಾಟರಿ ಹತ್ತಿರ ಕೂತವನು ಎದ್ದು ಹೊರಗೆ ಬಂದು ಅವನ ಎದುರಿಗೆ ಒಂದು ಬೀಡಿ ಸೇದಿ ಒಳಗೆ ಹೋದೆ. ಅವನ ಮಗ ಪಾಸಾಗಿದ್ದ. ಕರೆಪ್ಪ ಅವತ್ತು ಪೇಢೆ ತಂದು ಹಂಚಿದ, ನನಗೂ ಕೊಟ್ಟ. ಖೋಲಿಯ ಮಾತು ಮತ್ತೆ ಎತ್ತಲಿಲ್ಲ. ಕ್ಲಾಸ್ ಉಳಿಯಿತು. ಆಮ್ಲೆಟ್ಟಿನವನು ಆಚೆ ಓಣಿಯಲ್ಲಿ ಜಾಗ ಹಿಡಿದ, ಚೆನ್ನಾಗಿಯೇ ನಡೆಸಿದ.

ಇಲ್ಲಿಗೆ ಮುಗಿಯಬೇಕಿತ್ತು. ಮಾಸ್ತರು ಮುಗಿಸಲಿಲ್ಲ. ಒಂದು ದಿನ ಅಂಗಡಿಗೆ ಬಂದು, ಮೋಡೆಮ್ ಕೊಟ್ಟದ್ದು ಯಲ್ಲವ್ವ, ಆದರೆ ಅದರ ಬದಲಿಗೆ ಹೋದ ದೀಪ ನಿನ್ನದು, ಅದರ ಋಣ ನನ್ನ ಮೇಲೆ ಇದೆ, ಏನು ಕೊಡಲಿ ಅಂತ ಕೇಳಿದರು.

"ನಾ ಕೊಟ್ಟ ಸೀಡಿ ತಗೋರಿ, ಋಣ ತೀರತೈತಿ" ಅಂದೆ.

"ಅದು ಆಗಂಗಿಲ್ಲ."

"ಹಂಗಾರ ಇದೂ ಆಗಂಗಿಲ್ಲ."

ಹಣ ಕೊಡಲು ಬಂದರು, ತಗೊಳ್ಳಲಿಲ್ಲ. ನನ್ನ ಮಗಳಿಗೆ ಪುಕ್ಕಟೆ ಕಲಿಸುತ್ತೇನೆ ಅಂದರು, ಗೋಕಾಕದಲ್ಲಿ ಫೀ ಕೊಟ್ಟು ಕಲಿಸಿದೆ. ಪ್ರತಿ ವರ್ಷ ಭಾದ್ರಪದದಲ್ಲಿ, ಅವರ ಹತ್ತು ದಿನದ ಪರ್ವ ಮುಗಿದ ಮೇಲೆ, ಜೈನರು ಗುರುತಿನವರ ಮನೆಗೆ ಹೋಗಿ ಕ್ಷಮೆ ಕೇಳುವ ಪದ್ಧತಿ ಇದೆ. ಮಾಸ್ತರು ಬಸ್ಸು ಹಿಡಿದು ಘಟಪ್ರಭಾಕ್ಕೆ ಬರುತ್ತಿದ್ದರು.

"ತಿಳಿದೋ ತಿಳೀದನೋ ತಪ್ಪ ಆಗಿದ್ರ ಕ್ಷಮಾ ಮಾಡು, ಮಾಲಿಂಗಪ್ಪ."

"ಕರೆಪ್ಪನ ಮುಂದ ಸೀಡಿ ತಿರುಗಿ ಕೊಟ್ರೆಲಾ, ಅದಕ್ಕ ಕೇಳ್ರಿ ಕ್ಷಮಾ."

"ಅದು ತಪ್ಪಲ್ಲಲ್ಲ. ತಪ್ಪಿಲ್ಲದ್ದಕ್ಕ ಕ್ಷಮಾ ಕೇಳಿದ್ರ ಸುಳ್ಳ ಹೇಳಿದಂಗ ಆಗತೈತಿ."

ನಾನು ಚಹಾ ತರಿಸುತ್ತಿದ್ದೆ. ಅವರು ಕುಡಿಯುತ್ತಿರಲಿಲ್ಲ, ತಂಬಿಗೆಯ ನೀರು ಕುಡಿದು ಹೋಗುತ್ತಿದ್ದರು. ಫೋನಿನ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಅನ್ನುವ ಜೋರಿನ ಇಂಟರ್ನೆಟ್ ಬಂದು ಹಳೆಯದು ಬೇಡವಾದಾಗ ಆ ಮೋಡೆಮನ್ನು ಕಣಗಲಾಕ್ಕೆ ಒಯ್ದು ಯಲ್ಲವ್ವಕ್ಕನಿಗೆ ಮುಟ್ಟಿಸಿ ಬಂದರು. ಈಗ ಆ ಜಗಲಿಯಲ್ಲಿ ಎರಡೂ ಹತ್ತುತ್ತವೆ.

ಒಂದು ಭಾದ್ರಪದದಲ್ಲಿ ಮಾಸ್ತರು ಬಗಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದರು. ಹಲಗೆಯದು. ಕೆಂಪು ಬಲ್ಬಿನ ಎರಡು ಸಾಲು. ಎಲ್ಲಿಂದಲೋ ಲಾರಿಯ ಫ್ಲ್ಯಾಶರ್ ತಂದು, ಬೆಸುಗೆ ಹಾಕುವುದು ಕಲಿತು, ತಾವೇ ಮಾಡಿದ್ದು. ಬೆರಳ ತುದಿ ಎರಡು ಕಡೆ ಸುಟ್ಟಿತ್ತು.

"ದೀಪಕ್ಕ ದೀಪ" ಅಂದರು. "ಇದಕ್ಕ ನೀ ಒಲ್ಲೆ ಅನ್ನಾಕ ಬರಂಗಿಲ್ಲ."

ಬರುವ ಹಾಗೆ ಇರಲಿಲ್ಲ. ಬ್ಯಾಟರಿಗೆ ಹಚ್ಚಿದೆ. ಮೇಲಿನ ಸಾಲು ಹತ್ತಿತು, ಆರಿತು. ಕೆಳಗಿನ ಸಾಲು ಹತ್ತಲೇ ಇಲ್ಲ.

"ಮನ್ಯಾಗ ಎರಡೂ ಹತ್ತಿದ್ವು" ಅಂದರು ಮಾಸ್ತರು.

"ಬಸ್ಸಿನ್ಯಾಗ ವಾಯರ್ ಬಿಟ್ಟಿರಬೇಕು. ಕೊಡ್ರಿ ಇಲ್ಲೆ, ಒಂದ ಟಾಕಿ ಬೆಸುಗಿ ಹಾಕತೀನಿ."

"ಬ್ಯಾಡ. ನೀ ಹಚ್ಚಿದ್ರ ಅರ್ಧಾ ನಿಂದ ಆಗತೈತಿ, ಋಣ ಹೆಂಗ ತೀರತೈತಿ? ಇಲ್ಲೆ ಇರಲಿ. ಮುಂದಿನ ವರ್ಷ ಬಂದು ನಾನ ಸರಿ ಮಾಡತೀನಿ. ಅಲ್ಲಿಮಟಾ ಬಾಕಿ ಅಂತ ತಿಳಿ."

ಮುಂದಿನ ವರ್ಷ ಅವರು ಬರಲಿಲ್ಲ. ಚಳಿಗಾಲದಲ್ಲೇ ತೀರಿಕೊಂಡಿದ್ದರು. ಆ ಭಾದ್ರಪದದಲ್ಲಿ ಜಿನ್ನವ್ವಕ್ಕ ಒಬ್ಬರೇ ಬಂದು ಕ್ಷಮೆ ಕೇಳಿ, ಪೆಟ್ಟಿಗೆ ನೋಡಿ ಹೋದರು.

ಅದು ಅಂಗಡಿಯಲ್ಲೇ ಇದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹಚ್ಚುತ್ತೇನೆ. ಮೇಲಿನ ಸಾಲು ಮಿಣುಕುತ್ತದೆ. ಬಂದ ಗಿರಾಕಿಗಳೆಲ್ಲ, ಏನ್ರಿ ಮಾಲಿಂಗಪ್ಪ, ಊರ ಮಂದಿದು ರಿಪೇರಿ ಮಾಡತೀರಿ, ನಿಮ್ದ ಹಿಂಗ ಬಿಟ್ಟೀರಿ ಅನ್ನುತ್ತಾರೆ. ವಾಯರ್ ಎಲ್ಲಿ ಬಿಟ್ಟಿದೆ ಅಂತ ನನಗೆ ಕಾಣುತ್ತದೆ. ಅದನ್ನು ಹಚ್ಚಬೇಕಾದವನು ನಾನಲ್ಲ.